ಕುಪ್ಪಗಡ್ಡೆ ಆನಂದಪ್ಪನ ಆರನೆಯ ಬಟ್ಟಲು

ಸೊರಬ ತಾಲ್ಲೂಕಿನ ಹೆಂಗಸರು ಹಳೆ ಸೀರೆ ಕೊಟ್ಟು ಹೊಸ ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಾರೆ. ಕುಪ್ಪಗಡ್ಡೆಯ ಆನಂದಪ್ಪ ಹೊಸ ಸ್ಟೀಲ್ ಪಾತ್ರೆ ಕೊಟ್ಟು ಹಳೆ ಪಿಂಗಾಣಿ ತೆಗೆದುಕೊಳ್ಳುತ್ತಾನೆ. ಈ ವ್ಯಾಪಾರದಲ್ಲಿ ಅವನಿಗೆ ಎದುರಾಳಿ ಗುಡ್ಡಮ್ಮ. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು, ಈಗ ಲಗೇಜ್ ಆಟೋದಲ್ಲಿ ಊರೂರು ತಿರುಗುವ ಪಾತ್ರೆಯವಳು. ಮೊಟ್ಟಮೊದಲ ಸಲ ಆನಂದಪ್ಪ ಮಗನ ಮದುವೆಗೆ ಉಡುಗೊರೆ ಬಂದ ಹೊಚ್ಚ ಹೊಸ ಸ್ಟೀಲ್ ಡಬ್ಬಿ ಮುಂದಿಟ್ಟು, ಅವಳ ಆಟೋದ ಮೂಲೆಯಲ್ಲಿ ಬಿದ್ದಿದ್ದ ಹಿಡಿ ಮುರಿದ ಹಾಲಿನ ಜಗ್ಗು ಕೇಳಿದಾಗ ಗುಡ್ಡಮ್ಮ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಅಮ್ಮಾರು ಒಳಗಿದಾರಾ? ಒಂದ್ಸಲ ಕರೀರಿ," ಎಂದಿದ್ದಳು. ಅಮ್ಮಾರು ಬಂದು ಹಣೆ ಚಚ್ಚಿಕೊಂಡ ಮೇಲೆಯೇ ಜಗ್ಗು ಕೈ ಬದಲಾದದ್ದು.

ಅಮ್ಮಾರು ಎಂದರೆ ರಾಧಮ್ಮ, ಆನಂದಪ್ಪನ ಹೆಂಡತಿ. ಹತ್ತು ವರ್ಷದಲ್ಲಿ ಅವಳ ಅಡುಗೆಮನೆಯಿಂದ ಒಂದು ಕಪಾಟು ತುಂಬ ಸ್ಟೀಲು ಮಾಯವಾಗಿ, ಅದರ ಜಾಗಕ್ಕೆ ಗುಲಾಬಿ ಮಾಸಿದ ತಟ್ಟೆಗಳು, ಮುಚ್ಚಳ ಕಳೆದುಕೊಂಡ ಸೂಪಿನ ಬೋಗುಣಿ, ದೋಣಿಯಾಕಾರದ ಒಂದು ಸಾರಿನ ಪಾತ್ರೆ ಇವೆಲ್ಲ ಬಂದು ಕೂತಿದ್ದವು. ಸಾಗರದಲ್ಲಿ ಮುಚ್ಚಿಹೋದ ಯಾವುದೋ ಲಾಡ್ಜಿನಿಂದ ಆರು ಕುರ್ಚಿಯ ಊಟದ ಮೇಜೂ ಬಂತು. ಆ ಮೇಜಿನ ಮೇಲೆ ಊಟ ಮಾಡುವುದಕ್ಕೆ ಕಾನೂನುಗಳಿದ್ದವು. ತಟ್ಟೆಯ ಮೇಲೆ ತಟ್ಟೆ ಇಡಬಾರದು. ಚಮಚದಿಂದ ಬಟ್ಟಲಿನ ತಳ ಕೆರೆಯಬಾರದು. ಸಾರಿನ ದೋಣಿಯನ್ನು ಕೊಕ್ಕು ಹಿಡಿದು ಎತ್ತಬಾರದು. ಮಗ ಮಾಲತೇಶ್ ಗದ್ದೆಯಿಂದ ಹಸಿದು ಬಂದ ದಿನ ಅನ್ನವನ್ನು ಸ್ಟೀಲ್ ಬೇಸಿನ್ನಿನಲ್ಲಿ ಕಲಸಿಕೊಂಡು ಹಿತ್ತಿಲ ಕಟ್ಟೆಗೆ ಹೋಗಿ ಉಣ್ಣುತ್ತಿದ್ದ. ಅಲ್ಲಿ ಅವನಿಗೆ ನೆಮ್ಮದಿ.

ಆದರೆ ಈ ಸಂಸಾರದ ಯಜಮಾನಿಕೆ ಐದು ಪುಟ್ಟ ಬಟ್ಟಲುಗಳದ್ದು. ಬೆರಳುದ್ದದ ಕಾಲಿನ ಮೇಲೆ ನಿಂತ, ಬಾಯಿಯ ಸುತ್ತ ನೀಲಿ ಪಟ್ಟಿ, ಅದರಂಚಿಗೆ ಬಂಗಾರದ ಗೆರೆ ಇದ್ದ ಬಟ್ಟಲುಗಳು. ಇವನ್ನು ಗುಡ್ಡಮ್ಮ ತಂದದ್ದಲ್ಲ. ಆನಂದಪ್ಪನ ಅಜ್ಜ ಯಾವ ಕಾಲದಲ್ಲೋ ಬಿಳಿ ದೊರೆಯೊಬ್ಬನ ಬಂಗಲೆಯ ಸಾಮಾನು ಹರಾಜಾದಾಗ ತಂದದ್ದು. ದೊರೆಗಳು ಇಷ್ಟು ಚಿಕ್ಕ ಬಟ್ಟಲಲ್ಲಿ ತುಪ್ಪವಲ್ಲದೆ ಇನ್ನೇನು ಹಾಕಿಕೊಂಡಾರು ಎಂದು ಅಜ್ಜ ತೀರ್ಮಾನಿಸಿದ. ಅಂದಿನಿಂದ ಅವು ತುಪ್ಪದ ಬಟ್ಟಲಾದವು. ಊಟಕ್ಕೆ ಕೂತವರ ಎಡಗಡೆ ಒಂದೊಂದು. ಶ್ರಾವಣ ಸೋಮವಾರಗಳಲ್ಲಿ ದೇವರ ಮುಂದೆಯೂ ಒಂದು.

ಅಜ್ಜ ತಂದದ್ದು ಆರು. ಆರನೆಯದನ್ನು ಆರು ವರ್ಷದವನಿದ್ದಾಗ ಆನಂದಪ್ಪ ಒಡೆದುಹಾಕಿದ್ದ. ಹಾಗೆಂದು ಅವನ ಅವ್ವ ಹೇಳಿದ್ದಳು. ಅವನಿಗೆ ಒಡೆದ ನೆನಪಿಲ್ಲ. ಅಜ್ಜ ಬಾರುಕೋಲಿನಿಂದ ಕೊಟ್ಟ ಎರಡು ಏಟಿನ ನೆನಪು ಮಾತ್ರ ಚೆನ್ನಾಗಿದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನು ಒಡೆದರೂ, ಬೆಕ್ಕು ಹಾರಿ ಗಡಿಗೆ ಉರುಳಿದರೂ, ಎಲ್ಲರ ಕಣ್ಣು ಮೊದಲು ಆನಂದಪ್ಪನ ಕೈಯ ಮೇಲೆ ಬೀಳುತ್ತಿತ್ತು. ಮದುವೆಯಾಗಿ ಬಂದ ರಾಧಮ್ಮನಿಗೂ ಅತ್ತೆ ಮೊದಲ ವಾರವೇ, "ಅವ್ನ ಕೈಗೆ ಗಾಜಿಂದು ಕೊಡಬೇಡ," ಎಂದು ಬುದ್ಧಿ ಹೇಳಿದ್ದಳು. ಇಂಥವನು ಮುಂದೆ ಒಡೆಯುವ ಸಾಮಾನನ್ನೇ ರಾಶಿ ಹಾಕಿಕೊಂಡು, ಒಂದನ್ನೂ ಒಡೆಯದೆ, ತಾನೇ ತೊಳೆದು ತಾನೇ ಒರೆಸಿ ಇಡುವವನಾದ. ವಯಸ್ಸು ಅರವತ್ತನಾಲ್ಕಾದರೂ ಅಜ್ಜನಿಗೆ ಉತ್ತರ ಕೊಡುವುದು ಮುಗಿದಿರಲಿಲ್ಲ.

ಆರು ಕುರ್ಚಿಗೆ ಐದು ಬಟ್ಟಲು. ಮನೆ ತುಂಬ ನೆಂಟರು ಬಂದಾಗ ಒಬ್ಬರ ಪಾಲಿಗೆ ಸ್ಟೀಲ್ ಬಟ್ಟಲು ಬರುತ್ತಿತ್ತು. ಆ ಒಬ್ಬ ಯಾವಾಗಲೂ ಆನಂದಪ್ಪನೇ. ಊಟದುದ್ದಕ್ಕೂ ಅದನ್ನು ಯಾರಿಗೂ ಕಾಣದಂತೆ ಸಾರಿನ ದೋಣಿಯ ಮರೆಗೆ ಸರಿಸಿಕೊಂಡು ಕೂರುತ್ತಿದ್ದ. ಆ ಐದಕ್ಕೆ ಜೊತೆಯಾಗುವ ಆರನೆಯ ಬಟ್ಟಲಿಗಾಗಿ ಅವನು ಶಿವಮೊಗ್ಗ, ಹುಬ್ಬಳ್ಳಿಯ ಗುಜರಿ ಅಂಗಡಿಗಳವರೆಗೆ ಹೋಗಿ ಬಂದಿದ್ದ.

ಹೋದ ವರ್ಷ ದೀಪಾವಳಿಯ ಮಾರನೆಯ ದಿನ ಸೊಸೆ ಶ್ರೀಲತಾ ಮಾವನಿಗೆ ಉಪಕಾರ ಮಾಡಲು ಹೋದಳು. ಅವಳು ಸೊರಬದ ಶಾಲೆಯಲ್ಲಿ ಟೀಚರು. ಇಂಥದ್ದೇ ಬಟ್ಟಲು ಮೊಬೈಲಿನಲ್ಲಿ ಹುಡುಕಿದರೆ ಎಲ್ಲಾದರೂ ಸಿಗಬಹುದು ಎಂದು ಊಟದ ನಡುವೆ ಎಡಗೈಯಲ್ಲಿ ಫೋಟೋ ತೆಗೆದಳು. ಪರದೆ ನೋಡಿದಳು, ಮಾವನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು.

"ಮಾವ, ಇವು ತುಪ್ಪದ ಬಟ್ಲಲ್ಲ," ಎಂದಳು ಮೆತ್ತಗೆ. "ಬೇಯ್ಸಿದ ಮೊಟ್ಟೆ ನಿಲ್ಸಿಕೊಂಡು ತಿನ್ನೋ ಬಟ್ಲು. ಬ್ರಿಟಿಷರು ತಿಂಡಿಗೆ ಇಟ್ಕೊಳ್ತಿದ್ರಂತೆ."

ಮೊಟ್ಟೆ ಎಂಬ ಪದಾರ್ಥ ಹೊಸಿಲು ದಾಟದ ಮನೆ ಅದು. ರಾಧಮ್ಮನ ಬಾಯಲ್ಲಿ ತುಪ್ಪ ಕಲಸಿದ ತುತ್ತಿತ್ತು. ಅದನ್ನು ನುಂಗುವುದೋ ಉಗಿಯುವುದೋ ಎಂದು ಅವಳು ಬಹಳ ಹೊತ್ತು ಯೋಚಿಸಿ, ಕೊನೆಗೆ ಮನೆಯ ಮರ್ಯಾದೆಗೆ ನುಂಗಿದಳು.

"ಅತ್ತೆ ಪುಣ್ಯವಂತೆ," ಎಂದಳು ನೀರು ಕುಡಿದು. "ಇದನ್ನ ಕೇಳಕೆ ಮೊದ್ಲೇ ಹೋದ್ರು. ಎಷ್ಟು ಶ್ರಾವಣ ದೇವ್ರ ಮುಂದೆ ಇಟ್ರೋ ಪಾಪ."

"ಮೊಟ್ಟೆ ಇಟ್ರೆ ಮೊಟ್ಟೆ ಬಟ್ಲು, ತುಪ್ಪ ಹಾಕಿದ್ರೆ ತುಪ್ಪದ ಬಟ್ಲು," ಎಂದು ಆನಂದಪ್ಪ ವಾದ ಹೂಡಿದ. "ನಮ್ಮನೇಲಿ ಇಷ್ಟು ವರ್ಷ ಎಂತ ಹಾಕಿದೀವಿ? ಅದನ್ನ ಹೇಳು."

ರಾಧಮ್ಮ ವಾದಕ್ಕೆ ನಿಲ್ಲಲಿಲ್ಲ. ಐದನ್ನೂ ಹುಣಸೆಹಣ್ಣಿನ ನೀರಲ್ಲಿ ಕುದಿಸಿ, ಮೂರು ದಿನ ಅಂಗಳದ ಬಿಸಿಲಿಗೆ ಬೋರಲು ಹಾಕಿ, ಆಮೇಲೆ ಮೇಜಿಗೆ ಮಾತ್ರ ವಾಪಸ್ ಬಿಟ್ಟುಕೊಂಡಳು. ದೇವರ ಮನೆಗೆ ಬಿಡಲಿಲ್ಲ.

ಪ್ರತಿವರ್ಷ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಶಿಕಾರಿಪುರದ ಕಡೆಯ ಅಂಜನಾಪುರದಿಂದ ಚಿಕ್ಕಬೀರಪ್ಪ ತನ್ನ ಕುರಿ ಹೊಡೆದುಕೊಂಡು ಕುಪ್ಪಗಡ್ಡೆಗೆ ಬರುತ್ತಾನೆ. ಆನಂದಪ್ಪನ ಗದ್ದೆಯಲ್ಲಿ ಬಲೆ ಕಟ್ಟಿ ಮಂದೆ ನಿಲ್ಲಿಸುತ್ತಾನೆ. ಕುರಿಯ ಗೊಬ್ಬರ ಗದ್ದೆಗೆ, ಗದ್ದೆಯ ಭತ್ತ ಕುರಿಯವನಿಗೆ. ಅವನ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಈ ಜನವರಿಯಲ್ಲೂ ಬಂದ. ಎರಡನೆಯ ದಿನ ಬೆಳಿಗ್ಗೆ ಆನಂದಪ್ಪ ಮಂದೆ ನೋಡಲು ಹೋದಾಗ ಚಿಕ್ಕಬೀರಪ್ಪ ಮತ್ತು ಅವನ ಹೆಂಡತಿ ಮಾಳಮ್ಮ ಕೆಮ್ಮುತ್ತಿದ್ದ ಕುರಿಗಳಿಗೆ ಕಷಾಯ ಕುಡಿಸುತ್ತಿದ್ದರು. ಮಾಳಮ್ಮ ಕುರಿಯ ಬಾಯಿ ಅಗಲಿಸಿ ಹಿಡಿಯುವುದು, ಅವನು ಪುಟ್ಟ ಬಟ್ಟಲಿನಿಂದ ಅಳೆದು ಬಿದಿರಿನ ಗೊಟ್ಟಕ್ಕೆ ಸುರಿದು ಗಂಟಲಿಗೆ ಇಳಿಸುವುದು. ದೊಡ್ಡ ಕುರಿಗೆ ಪೂರಾ ಬಟ್ಟಲು, ಮರಿಗೆ ಅರ್ಧ.

ಬಟ್ಟಲಿಗೆ ಬೆರಳುದ್ದದ ಕಾಲಿತ್ತು. ಬಾಯಿಯ ಸುತ್ತ ನೀಲಿ ಪಟ್ಟಿ ಇತ್ತು. ಬಂಗಾರದ ಗೆರೆ ಅರ್ಧ ಅಳಿಸಿಹೋಗಿತ್ತು.

ಆನಂದಪ್ಪ ಬದುವಿನ ಮೇಲೆ ಹಾಗೆಯೇ ಕೂತುಬಿಟ್ಟ.

"ಚಿಕ್ಕಬೀರಪ್ಪ, ಅದು ಎಲ್ಲಿಂದ ಬಂತು ಮಾರಾಯ?"

"ಈ ಬಟ್ಲಾ? ಇದು ನಿಮ್ಮನೀದೇ ಅಲ್ರೀ ಗೌಡ್ರ," ಎಂದ ಚಿಕ್ಕಬೀರಪ್ಪ, ಗೊಟ್ಟ ಕೊಡವುತ್ತ. "ಮನ್ಯಾಗೇ ಇಟ್ಟಿರತಿದ್ವಿ, ಈ ಸಲ ಅಳತಿ ಲೋಟ ಕಳದೋತು ಅಂತ ತಂದೀವಿ. ನಿಮ್ಮ ಅವ್ವಾರು ನಮ್ಮಪ್ಪಗೆ ಕೊಟ್ಟಿದ್ದು. ಒಂದ್ಸಲ ನಿಮ್ಮ ಗದ್ದ್ಯಾಗ ಕುರಿಮಂದಿ ಹಾಕಿದಾಗ ನಮ್ಮಪ್ಪಗೆ ಕೆಟ್ಟ ಜ್ವರ ಬಂದಿತ್ತಂತ. ನಡುಗಿಕೋತ ನಿಮ್ಮ ಜಗಲಿಗೆ ಬಂದು ಕುಂತಾನ. ಅವ್ವಾರು ಮೆಣಸು ಹಾಕಿ ಹಾಲು ಕಾಸ್ಯಾರ. ಕೊಟ್ಟಿಗಿ ಸೂರಿನಾಗ ಆಳಿಗಂತ ಇಟ್ಟಿದ್ದ ಲೋಟ ಅವತ್ತು ಸಿಗಲಿಲ್ಲಂತ. ಒಳಗಿಂದ ಇದನ್ನೇ ತಂದು, ಮೂರು ಮೂರು ಸಲ ತುಂಬಿಸಿ ಕುಡಿಸ್ಯಾರ. ನಮ್ಮಪ್ಪ ಕುಡದು, ತೊಳದು, ಜಗಲಿ ಮ್ಯಾಲೆ ಬೋರಲು ಇಟ್ಟ. ಇಡಬ್ಯಾಡ, ನೀನೇ ಒಯ್ಯಿ ಅಂದ್ರಂತ. ಇಂಥಾ ಚೆಂದನ ಬಟ್ಲು. ಸಾಯೋತನಕ ಹೇಳತಿದ್ದ ನೋಡ್ರಿ, ಕುಪ್ಪಗಡ್ಡಿ ಅವ್ವನಂಥಾ ಕೈ ಯಾರಿಗೂ ಇಲ್ಲ ಅಂತ."

ಆನಂದಪ್ಪನಿಗೆ ಮೊದಲು ಆದದ್ದು ಸಂತೋಷ. ತಾನು ಒಡೆದಿರಲಿಲ್ಲ. ಐವತ್ತೆಂಟು ವರ್ಷ ಹೊತ್ತ ಅಪವಾದ ಒಂದು ಕೆಮ್ಮುವ ಕುರಿಯ ಮುಂದೆ ಬಿದ್ದುಹೋಯಿತು. ಎದ್ದು ಹೋಗಿ ಅಜ್ಜನ ಫೋಟೋದ ಎದುರು ನಿಂತು ಎರಡು ಮಾತು ಕೇಳಬೇಕು ಅನ್ನಿಸಿತು.

ಆಮೇಲೆ ಆ ಸಂತೋಷ ನಿಧಾನವಾಗಿ ಇಳಿಯಿತು. ಅವ್ವ ಒಯ್ಯಿ ಎಂದದ್ದು ಯಾಕೆ ಎಂಬುದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕುರಿಯವನ ತುಟಿ ತಾಗಿದ ಬಟ್ಟಲು ಆ ಮನೆಯ ಒಳಗೆ ವಾಪಸ್ ಹೋಗುವ ಹಾಗಿರಲಿಲ್ಲ. ಜ್ವರದವನಿಗೆ ಹಾಲು ಕೊಡುವಷ್ಟು ಕರುಳು ಅವ್ವನಿಗಿತ್ತು, ಆ ಬಟ್ಟಲನ್ನು ತೊಳೆದು ಒಳಗಿಟ್ಟುಕೊಳ್ಳುವಷ್ಟು ಧೈರ್ಯ ಇರಲಿಲ್ಲ, ಮಾವನಿಗೆ ನಿಜ ಹೇಳುವಷ್ಟಂತೂ ಇರಲೇ ಇಲ್ಲ. ಹೊರಗೆ ಕೊಟ್ಟೆ ಎನ್ನುವ ಬದಲು ಮಗು ಒಡೆಯಿತು ಎಂದುಬಿಟ್ಟಳು. ಒಬ್ಬನ ತುಟಿಗೆ ಹೇಸಿ ಒಂದನ್ನು ಹೊರಗೆ ಹಾಕಿದ ಮನೆ, ಉಳಿದ ಐದು ಮೊಟ್ಟೆಯ ಬಟ್ಟಲಲ್ಲಿ ದೇವರಿಗೆ ತುಪ್ಪ ಹಿಡಿದಿತ್ತು. ನಗು ಬರುವ ವಿಷಯವೇ. ಆದರೆ ಆನಂದಪ್ಪನಿಗೆ ನಾಚಿಕೆಯಾಯಿತು. ಚಿಕ್ಕಬೀರಪ್ಪನ ಮುಖ ನೋಡಲಾಗದೆ ಮಾಳಮ್ಮನ ಕಡೆ ತಿರುಗಿದ. ಅವಳು ಕುರಿಯ ಬಾಯಿ ಬಿಟ್ಟು ಅವನನ್ನೇ ನೋಡುತ್ತಿದ್ದಳು. ಗಂಡನಿಗೆ ತಿಳಿಯದ್ದು ಅವಳಿಗೆ ತಿಳಿದಿತ್ತು. ಯಾವತ್ತಿನಿಂದಲೋ ತಿಳಿದಿತ್ತು.

ಇಷ್ಟಾದ ಮೇಲೆ ಮರ್ಯಾದಸ್ಥರು ಸುಮ್ಮನೆ ಮನೆಗೆ ಹೋಗುತ್ತಾರೆ. ಆದರೆ ಸಂಗ್ರಹದ ಚಟ ಹಿಡಿದವನ ಮರ್ಯಾದೆ ಅಷ್ಟು ಗಟ್ಟಿಯಲ್ಲ.

"ಮಾಳಮ್ಮ," ಎಂದ ಅವನು. "ಆ ಬಟ್ಲು ನಂಗೆ ಕೊಡ್ತ್ಯನೆ? ಬದ್ಲಿಗೆ ಸ್ಟೀಲಿಂದು ಎಂತ ಬೇಕಾರೂ ಕೊಡ್ತಿ. ದೊಡ್ಡ ನೀರಿನ ಡ್ರಮ್ ಕೊಡ್ತಿ."

"ಸ್ಟೀಲು ನಮ್ಮನ್ಯಾಗೂ ಅದಾವ್ರೀ," ಎಂದಳು ಮಾಳಮ್ಮ. "ನಮ್ಮ ಮಗಳು ಸುಷ್ಮಿತಾನ ಮದಿವ್ಯಾಗ ನಿಮಗ ಹೊಟ್ಟಿ ಸರಿ ಇರಲಿಲ್ಲ. ಊಟ ಬ್ಯಾಡಂದು ಬಾಳೆಹಣ್ಣು ಹಿಡಕೊಂಡು ಹೋದ್ರಿ. ಮಗ ಯತೀಶನ ಮದಿವ್ಯಾಗೂ ಹೊಟ್ಟಿ ಸರಿ ಇರಲಿಲ್ಲ. ಈಗ ಹೆಂಗೈತಿ?"

ಆನಂದಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಈಗ ಅಡ್ಡಿ ಇಲ್ಲ," ಎಂದ.

"ಹಂಗಾರ ಕುರಿ ಹೊಡಕೊಂಡು ನಾವು ಊರಿಗೆ ಹೋದಮ್ಯಾಲೆ ಒಂದಿನ ಊಟಕ್ಕ ಬರ್ರಿ. ನಿಮ್ಮವು ಐದೂ ತರ್ರಿ. ಇದನ್ನೂ ಅವುಗಳ ಜತಿಗೆ ಇಟ್ಟು ಉಣ್ಣೋಣು. ಆಮ್ಯಾಲೆ ಒಯ್ರಿ ಬೇಕಾರ."

ಹದಿನೈದು ದಿನ ಆನಂದಪ್ಪ ಈ ಮಾತನ್ನು ನೆನೆಹಾಕಿಕೊಂಡು ಕೂತ. ಮಾಳಮ್ಮನ ಮನೆಯ ಅನ್ನ ಉಂಡರೆ ತನಗೇನೂ ಆಗದು ಎಂದು ಅವನಿಗೆ ಗೊತ್ತಿತ್ತು. ಸೊರಬದ ಹೋಟೆಲಿನಲ್ಲಿ ಯಾರು ಬೇಯಿಸಿದ್ದನ್ನೋ ಅವನು ದಿನಬಿಟ್ಟು ದಿನ ಉಂಡಿದ್ದ. ಆದರೆ ಗೊತ್ತಿರುವುದು ಒಂದು, ಗುರುತಿನವರ ಮನೆಯಲ್ಲಿ ತಟ್ಟೆಯ ಮುಂದೆ ಕೂರುವುದು ಇನ್ನೊಂದು. ಊರಲ್ಲಿ ಗೊತ್ತಾದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಎಲ್ಲರೂ ಒಂದು ಸಲ ಕೇಳುತ್ತಾರೆ, ಹೌದಂತಲ್ಲ ಎಂದು. ಅವನು ಕಪಾಟಿನ ಮುಂದೆ ನಿಂತು ಐದನ್ನೂ ಸಾಲಾಗಿ ಇಡುವುದು, ಒಂದರ ಜಾಗ ಬಿಡುವುದು, ಮತ್ತೆ ಒತ್ತಿಡುವುದು ಮಾಡುತ್ತಿದ್ದ. ಕೊನೆಗೆ ರಾಧಮ್ಮನಿಗೆ ನಡೆದದ್ದೆಲ್ಲ ಹೇಳಿದ. ಅವಳು ಬೈಯುತ್ತಾಳೆ, ಆಗ ಹೋಗದಿರಲು ಒಂದು ನೆಪ ಸಿಗುತ್ತದೆ ಎಂದು ಒಳಗೊಳಗೇ ನಂಬಿದ್ದ.

ರಾಧಮ್ಮ ಪೂರ್ತಿ ಕೇಳಿ, "ನಂಗೂ ಕರ್ದಾಳಾ?" ಎಂದಳು.

"ಬರ್ತ್ಯಾ ನೀನು?"

"ಮೊಟ್ಟೆ ಬಟ್ಲಲ್ಲಿ ಮೂವತ್ತೆಂಟು ವರ್ಷ ತುಪ್ಪ ಉಂಡಾಯ್ತು. ಇನ್ನು ಎಂತ ಉಳ್ಸ್ಕೊಂಡು ಹೋಗದು?" ಎಂದು ಅವಳು ಒಳಗೆ ಹೋಗಿ ಯಾವ ಸೀರೆ ಉಡುವುದೆಂದು ನೋಡತೊಡಗಿದಳು.

ಮಂದೆ ಊರಿಗೆ ಮರಳಿದ ಮೇಲಿನ ಭಾನುವಾರ ಇಬ್ಬರೂ ಬಸ್ಸು ಹತ್ತಿದರು. ಮಾಲತೇಶ್ ಕಾರಿನಲ್ಲಿ ಬಿಡುತ್ತೇನೆ ಎಂದರೂ ಆನಂದಪ್ಪ ಒಪ್ಪಲಿಲ್ಲ. ಮಗ ಹಂಪ್ಸಿನ ಮೇಲೆ ಕಾರು ಹಾರಿಸುವ ರೀತಿ ಅವನಿಗೆ ಗೊತ್ತಿತ್ತು. ಐದು ಬಟ್ಟಲನ್ನು ಐದು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟು, ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ತಬ್ಬಿಕೊಂಡು ಸೊರಬದಿಂದ ಶಿಕಾರಿಪುರದವರೆಗೆ ಅಲ್ಲಾಡದೆ ಕೂತ. ಶಿರಾಳಕೊಪ್ಪದಲ್ಲಿ ಹತ್ತಿದವನೊಬ್ಬ ಪಕ್ಕದಲ್ಲಿ ಕೂರುತ್ತ, "ಏನ್ ಯಜಮಾನ್ರೆ, ಮೊಟ್ಟೆನಾ?" ಎಂದು ವಿಚಾರಿಸಿದ. ರಾಧಮ್ಮ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಶಿಕಾರಿಪುರ ಬರುವವರೆಗೂ ಅವಳ ಭುಜ ಅಲುಗುತ್ತಲೇ ಇತ್ತು.

ಅಂಜನಾಪುರದಲ್ಲಿ ಚಿಕ್ಕಬೀರಪ್ಪನದು ಡ್ಯಾಮಿನ ಕಾಲುವೆಯ ಪಕ್ಕದ ಮನೆ. ನಡುಮನೆಯಲ್ಲಿ ಕಂಬಳಿ ಹಾಸಿ ಆರು ತಟ್ಟೆ ಹಾಕಿದ್ದರು. ಗಂಡ ಹೆಂಡತಿ, ಮಗ ಯತೀಶ, ಸೊಸೆ ಸುಮಾ, ಇವರಿಬ್ಬರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಟ್ಟಿನ ಸಾರು. ಮಾಳಮ್ಮ ಅಡುಗೆಗೆ ಹೊಸ ಪಾತ್ರೆ ತಂದಿದ್ದಳು. ಅದನ್ನು ಅವಳು ಹೇಳಲಿಲ್ಲ. ಪಾತ್ರೆಗೆ ಅಂಟಿದ್ದ ಕಂಪನಿ ಚೀಟಿ ಹೇಳಿತು. ಆನಂದಪ್ಪ ಟವೆಲು ಬಿಚ್ಚಿ ಬಟ್ಟಲುಗಳನ್ನು ತಟ್ಟೆಗಳ ಎಡಕ್ಕೆ ಇಡುತ್ತ ಬಂದ. ಆರನೆಯದಾದ ಗಂಡನ ತಟ್ಟೆಯ ಎಡಕ್ಕೆ ಮಾಳಮ್ಮ ತನ್ನದನ್ನು ಇಟ್ಟಳು. ಆರೂ ಒಂದು ಸಾಲಿನಲ್ಲಿ ಕೂತವು. ಆನಂದಪ್ಪ ಒಂದೊಂದನ್ನೂ ಮುಟ್ಟಿ ಆರರವರೆಗೆ ಎಣಿಸಿದ. ಇಷ್ಟು ಸಣ್ಣ ಸಾಮಾನನ್ನು ಎರಡು ಸಲ ಎಣಿಸಬಾರದು ಎಂದುಕೊಂಡ, ಆದರೂ ಎಣಿಸಿದ.

"ಇದು ಖರೇ ಎದಕ್ಕ ಮಾಡಿದ್ದು ರೀ?" ಎಂದು ಚಿಕ್ಕಬೀರಪ್ಪ ಕೇಳಿದ. "ಔಷಧಕ್ಕ ಅಲ್ಲ ಅಂತ ನನಗ ಮೊದಲಿಂದ ಸಂಶಯ."

ಆನಂದಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೊದಲು ಮಾಳಮ್ಮ ನಕ್ಕಳು. ರಾಧಮ್ಮನೂ ನಕ್ಕಳು. ಅತಿಥಿಗಳ ಒಪ್ಪಿಗೆ ಕೇಳಿಯೇ ಸುಮಾ ಒಂದು ನಾಟಿ ಮೊಟ್ಟೆ ಬೇಯಿಸಿ ತಂದು ಮಾವನ ಬಟ್ಟಲಿಗೆ ಇಟ್ಟಳು. ಮೊಟ್ಟೆ ಸಣ್ಣದು, ಬಟ್ಟಲೊಳಗೆ ಮುಕ್ಕಾಲು ಮುಳುಗಿಹೋಯಿತು. ಚಿಕ್ಕಬೀರಪ್ಪ ಉಗುರಿನಿಂದ ಕೆದಕಿದ, ಬೋರಲು ಹಾಕಿ ಕೊಡವಿದ, ಕೊನೆಗೆ ಚಮಚದ ಹಿಡಿಯಿಂದ ಎಬ್ಬಿಸಿದ.

"ಇದಕ್ಯಾಕ ಬಟ್ಲು? ಅವರಿಗೆ ಕೈ ಇರಲಿಲ್ಲೇನು?" ಎಂದ.

ಉಳಿದ ಐದಕ್ಕೆ ಮಾಳಮ್ಮ ತುಪ್ಪ ಬಡಿಸಿದಳು. ಆನಂದಪ್ಪ ಉಂಡ. ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡ. ಹೊಟ್ಟೆ ಎಲ್ಲಿದೆ ಎಂಬುದೇ ಅವನಿಗೆ ನೆನಪಾಗಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಮಾಳಮ್ಮ ಗಂಡನ ಮುಂದಿದ್ದ ಬಟ್ಟಲು ಎತ್ತಿ ಆನಂದಪ್ಪನ ಕಡೆ ಸರಿಸಿದಳು. "ಮಾತು ಕೊಟ್ಟೀನಿ. ಒಯ್ರಿ," ಎಂದಳು.

ಇಡೀ ಜೀವಮಾನದಲ್ಲಿ ಆನಂದಪ್ಪ ಇಷ್ಟು ಬೇಕು ಎಂದುಕೊಂಡದ್ದು ಬೇರೆ ಯಾವುದೂ ಇರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಅವನು ಅದನ್ನು ವಾಪಸ್ ಚಿಕ್ಕಬೀರಪ್ಪನ ಕಡೆಗೇ ಸರಿಸಿದ.

"ಅದನ್ನ ನಮ್ಮವ್ವ ನಿಮ್ಮಪ್ಪಂಗೆ ಕೊಟ್ಟಿದ್ದು," ಎಂದ. "ಕೊಟ್ಟಿದ್ದನ್ನ ಕೇಳಕೆ ನಾ ಯಾರು?"

ಚಿಕ್ಕಬೀರಪ್ಪನ ಮುಖ ಅರಳಿತು. ಮಾಳಮ್ಮ ಆನಂದಪ್ಪನನ್ನು ದಿಟ್ಟಿಸಿ ನೋಡಿ ತಲೆ ತಗ್ಗಿಸಿದಳು. ಆನಂದಪ್ಪನಿಗೆ ಎದೆ ಹಗುರವಾಯಿತು. ನಿಜ ಹೇಳಬೇಕೆಂದರೆ, ತಾನು ಸ್ವಲ್ಪ ದೊಡ್ಡ ಮನುಷ್ಯನಾದೆ ಎಂದೂ ಅನ್ನಿಸಿತು. ಅವ್ವನ ಲೆಕ್ಕ ತೀರಿತು, ಇನ್ನೊಂದು ಸಣ್ಣ ಕೆಲಸ ಮಾತ್ರ ಬಾಕಿ ಎಂದುಕೊಂಡು, ತಾನು ಉಂಡ ತಟ್ಟೆಯನ್ನು ಎತ್ತಿಕೊಂಡು ಎದ್ದ. ಹಿತ್ತಿಲಲ್ಲಿ ನಲ್ಲಿ ಇತ್ತು. ತನ್ನ ಮನೆಯ ಅಂಗಳದಲ್ಲಿ ಈ ಮನೆಯ ಗಂಡಸರು ತಲೆಮಾರಿನಿಂದ ಉಂಡ ತಟ್ಟೆ ತಾವೇ ತೊಳೆದಿಟ್ಟ ಹಾಗೆ ತಾನೂ ಒಂದು ಸಲ ತೊಳೆಯುತ್ತೇನೆ ಎಂದು ಅತ್ತ ನಡೆದ.

ಬಾಗಿಲು ದಾಟುವ ಮೊದಲೇ ಮಾಳಮ್ಮ ಬಂದು ತಟ್ಟೆಯ ಅಂಚು ಹಿಡಿದಳು.

"ಇಲ್ಲಿ ಕೊಡ್ರಿ," ಎಂದಳು. "ನಮ್ಮನ್ಯಾಗ ಉಂಡೋರ ಕೈಲಿ ತಟ್ಟಿ ತೊಳಸಂಗಿಲ್ರಿ."

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಮನೆಗೆ ಬಂದ ಯಾರಿಗೂ ಹೇಳುವ ಹಾಗೆ ಹೇಳಿದ್ದಳು. ಆನಂದಪ್ಪ ತಟ್ಟೆ ಬಿಟ್ಟ. ಎಂಜಲು ಕೈ ಹಾಗೆಯೇ ಹಿಡಿದುಕೊಂಡು ನಿಂತವನ ಮುಂದೆ ಚಿಕ್ಕಬೀರಪ್ಪ ಚೊಂಬು ತಂದು, "ಕೈ ಮುಂದ ಹಿಡೀರಿ ಗೌಡ್ರ," ಎಂದು ನೀರು ಹಾಕಿದ.